ದೀಪದ ಹೊತ್ತಲ್ಲಿ ‘ಬೇಡ’ ಅನ್ನಬಾರದು

ನಲ್ಲೂರಹಳ್ಳಿಯ ಆಂಜಿನಪ್ಪನ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ‘ಇಲ್ಲ’, ‘ಬೇಡ’ ಅನ್ನೋ ಮಾತು ಯಾರ ಬಾಯಿಂದಲೂ ಬರುವಂತಿರಲಿಲ್ಲ. ಅದು ಆಂಜಿನಪ್ಪನ ಹೆಂಡತಿ ವಸಂತಮ್ಮನ ಕಟ್ಟಳೆ. ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಡಬ್ಬದಲ್ಲಿ ಅಕ್ಕಿ ಮುಗಿದಿದ್ದರೆ ‘ತುಂಬಿದೆ’ ಅನ್ನಬೇಕು. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು. ಪಕ್ಕದ ಮನೆಯವಳು ಆ ಹೊತ್ತಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರೆ ಕೊಡುವಂತೆಯೂ ಇಲ್ಲ, ಇಲ್ಲ ಅನ್ನುವಂತೆಯೂ ಇಲ್ಲ. “ಬೆಳಿಗ್ಗೆ ಬಾರಮ್ಮ, ಧಾರಾಳವಾಗಿ ಕೊಡ್ತೀನಿ” ಅಂತ ನಯವಾಗಿ ಸಾಗಹಾಕಬೇಕು.

“ಮೇಲೆ ಅಶ್ವಿನಿ ದೇವತೆಗಳು ತಿರುಗಾಡ್ತಿರ್ತಾರೆ ಕಣ್ರೋ. ನೀವು ಇಲ್ಲ ಅಂದ್ರೆ ಅವರು ಅಸ್ತು ಅಂದ್ಬಿಡ್ತಾರೆ” ಅನ್ನೋಳು ವಸಂತಮ್ಮ. ಕೇಳಿ ಕೇಳಿ ಗಂಡ, ಮಗ ಇಬ್ಬರ ಕಿವಿಯೂ ತೂತು ಬಿದ್ದಿತ್ತು.

ಕಾಲ ಬದಲಾಗಿರಲಿಲ್ಲವೇ ಅಂದರೆ, ಬದಲಾಗಿತ್ತಪ್ಪ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮೂರಂತಸ್ತಿನ ಕಟ್ಟಡ ಎದ್ದು, ಅದರ ತುಂಬ ಕಂಪನಿ ಹುಡುಗರು ಬಾಡಿಗೆಗಿದ್ದರು. ಕೊಟ್ಟಿಗೆಯಲ್ಲಿ ಸ್ಕೂಟರುಗಳು ನಿಲ್ಲುತ್ತಿದ್ದವು. ಮಗ ಶಿವಶಂಕರ ಐಟಿ ಪಾರ್ಕಿಗೆ ಗಾಡಿ ಬಿಡುತ್ತಿದ್ದ. ಆದರೆ ನಡುಮನೆಯ ದೇವರ ಗೂಡು ಮಾತ್ರ ಇದ್ದಲ್ಲೇ ಇತ್ತು. ಸೊಸೆ ಮಾಲಾ ಚಿಕ್ಕಬಾಣಾವರದ ತವರಿಂದ ತಂದ ಕಂಪ್ಯೂಟರನ್ನು ಇಡೋಕೆ ಜಾಗ ಹುಡುಕಿದಾಗ, ಕರೆಂಟಿನ ಪಾಯಿಂಟು ಇದ್ದದ್ದು ದೇವರ ಗೂಡಿನ ಪಕ್ಕದಲ್ಲೊಂದೇ. ಹಾಗಾಗಿ ದೇವರೂ ಕಂಪ್ಯೂಟರೂ ಅಕ್ಕಪಕ್ಕ ಕೂತರು.

ಮಾಲಾ ಬಿ.ಕಾಂ. ಓದಿದ ಹುಡುಗಿ. ಪೀಣ್ಯದ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರವನ್ನು ಮದುವೆಗೆ ಮುಂಚಿನಿಂದ ನೋಡುತ್ತಿದ್ದಳು. ಮದುವೆಯಾದ ಮೇಲೆ ಅದನ್ನೇ ಮನೆಯಲ್ಲಿ ಕೂತು ಮಾಡಿ ಮೇಲ್‌ನಲ್ಲಿ ಕಳಿಸುತ್ತಿದ್ದಳು. ಬೆಳಿಗ್ಗೆ ಪಾತ್ರೆ ಪಗಡೆ ಮುಗಿಸಿ ಕೂತರೆ ಮಧ್ಯಾಹ್ನ ಮುದ್ದೆಗೆ ಎಸರಿಡೋವರೆಗೆ ಏಳುತ್ತಿರಲಿಲ್ಲ. ಆಂಜಿನಪ್ಪನಿಗೆ ಇದು ಅಷ್ಟಾಗಿ ಸೇರುತ್ತಿರಲಿಲ್ಲ.

“ಬಾಡಿಗೆ ಬರ್ತದೆ, ಗಾಡಿ ಓಡ್ತದೆ. ಸೊಸೆ ದುಡಿಯೋ ಅಂಥಾದ್ದು ಏನಾಗಿದೆ ನಮಗೆ?” ಅನ್ನುತ್ತಿದ್ದ.

“ನಿಮಗೇನು ಕಷ್ಟ? ನಿಮ್ಮ ಮುದ್ದೆ ತಟ್ಟೆಗೆ ಬರ್ತದಲ್ಲ” ಅಂತ ವಸಂತಮ್ಮ ಸೊಸೆಯ ಪರ ನಿಲ್ಲುತ್ತಿದ್ದಳು. ಸುಳ್ಳು ಯಾಕೆ ಹೇಳಬೇಕು, ಅತ್ತೆ ಸೊಸೆ ಚೆನ್ನಾಗಿಯೇ ಇದ್ದರು. ಕಾರ್ತಿಕ ಮಾಸ ಶುರುವಾದಾಗ ಮಾಲಾನೇ ಅತ್ತೆಗೆ ಕಂಪ್ಯೂಟರಿನಲ್ಲಿ ದೇವರನಾಮ ಹಾಕಿಕೊಳ್ಳೋದನ್ನು ಕಲಿಸಿದಳು. ಏಳನೇ ಕ್ಲಾಸಿನವರೆಗೆ ಓದಿದ್ದ ವಸಂತಮ್ಮನಿಗೆ ಇಂಗ್ಲಿಷ್ ಅಕ್ಷರ ಗುರುತು ಸಿಗುತ್ತಿತ್ತು.

“ಈ ಪೇಜಲ್ಲಿ ಮಾತ್ರ ಹಾಡು ಹಾಕ್ಕೊಳ್ಳಿ ಅತ್ತೆ. ಬೇರೆ ಕಡೆ ಬಿಟ್ಟಿ ಹಾಡು ಅಂತ ಕರೆದ್ರೆ ಹೋಗ್ಬೇಡಿ. ಮಧ್ಯೆ ಚೌಕವಾಗಿ ಒಂದು ಪೆಟ್ಟಿಗೆ ಬರ್ತದೆ. ಏನೋ ಕೇಳ್ತದೆ. ಎಸ್ ಅಂದ್ರೆ ಹೂಂ, ನೋ ಅಂದ್ರೆ ಬೇಡ. ಏನೇ ಕೇಳಲಿ, ನೋ ಒತ್ತಿ. ಇಲ್ಲ, ಮೂಲೇಲಿರೋ ಇಂಟು ಮಾರ್ಕು ಒತ್ತಿ ಮುಚ್ಚಿಬಿಡಿ.”

“ಎಸ್ ಒತ್ತಿದ್ರೆ ಏನಾಗ್ತದೆ?”

“ಕಳ್ಳನಿಗೆ ನಾವೇ ಚಿಲಕ ತೆಗೆದಂಗೆ. ವೈರಸ್ ಒಳಗೆ ಬರ್ತದೆ.”

“ಸರಿ ಕಣಮ್ಮ, ಅಷ್ಟೂ ತಿಳಿಯಲ್ವಾ ನಂಗೆ?” ಅಂದಳು ವಸಂತಮ್ಮ.

ಹಗಲು ಹೊತ್ತಲ್ಲಿ ಕಲಿತ ಪಾಠ ಅದು. ಹಾಡು ಹಾಕುತ್ತಿದ್ದದ್ದು ದೀಪದ ಹೊತ್ತಲ್ಲಿ.

ದಿನಾ ಒಂದೇ ಹಾಡು ಕೇಳಿ ಬೇಜಾರಾಗಿ, ವಸಂತಮ್ಮ ಒಂದು ಸಂಜೆ ಪೇಜಿನ ಮೂಲೆಯಲ್ಲಿ ಮಿಣುಗುತ್ತಿದ್ದ ಲಕ್ಷ್ಮಿಯ ಪಟವನ್ನು ಒತ್ತಿದಳು. ಎಲ್ಲಿಗೋ ಹೋಯಿತು. ಹಾಡಿನ ದೊಡ್ಡ ಪಟ್ಟಿಯೇ ಬಂತು. ಒಂದು ಹಾಡು ಒತ್ತಿದ್ದೇ ತಡ, ಪೆಟ್ಟಿಗೆ ಎದ್ದು ನಿಂತಿತು. ಎಸ್. ನೋ. ಮಾಲಾ ಆ ಹೊತ್ತಲ್ಲಿ ಮಹಡಿ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ವಸಂತಮ್ಮನ ಕೈ ನೋ ಹತ್ತಿರ ಹೋಯಿತು. ಪಕ್ಕದಲ್ಲಿ ಈಗಷ್ಟೇ ಹಚ್ಚಿದ ದೀಪ. ಎದುರಿಗೆ ಪರದೆಯ ಮೇಲೆ ಕೈಯೆತ್ತಿ ನಿಂತ ಲಕ್ಷ್ಮಿ. ಬಂದ ಲಕ್ಷ್ಮಿಯ ಮುಖಕ್ಕೆ ಹೊಡೆದಂಗೆ ಬೇಡ ಅನ್ನೋದಾ? ಶಿವಶಿವಾ! ಅವಳು ಎಸ್ ಒತ್ತಿದಳು. ಹಾಡು ಇಂಪಾಗಿ ಬಂತು. ಏನೂ ಆಗಲಿಲ್ಲ.

ಮಾರನೇ ದಿನವೂ ಪೆಟ್ಟಿಗೆ ಬಂತು, ಅದರ ಮಾರನೇ ದಿನವೂ ಬಂತು. ಒಮ್ಮೊಮ್ಮೆ ಕೆಂಪಗೆ, ಅಪಾಯ ಅನ್ನೋ ಥರದ ಗುರುತು ಹೊತ್ತು ಬರುತ್ತಿತ್ತು. ಅದು ಏನೋ ಎಚ್ಚರಿಕೆ ಹೇಳುತ್ತಿದೆ, ಒಳ್ಳೆಯದಕ್ಕೇ ಇರಬೇಕು ಅಂದುಕೊಂಡು ವಸಂತಮ್ಮ ಇನ್ನೂ ಬೇಗ ಎಸ್ ಒತ್ತುತ್ತಿದ್ದಳು.

ಅವರೆಕಾಯಿ ಸೊಗಡು ಮಾರ್ಕೆಟ್ಟಿಗೆ ಬರುವ ಹೊತ್ತಿಗೆ ಕಂಪ್ಯೂಟರಿಗೆ ಏನೋ ಆಯಿತು. ಒಂದು ಲೆಕ್ಕದ ಹಾಳೆ ತೆರೆಯೋಕೆ ಅರ್ಧ ಪಾತ್ರೆ ತೊಳೆದು ಮುಗಿಸುವಷ್ಟು ಹೊತ್ತು. ಯಾರೂ ಮುಂದೆ ಕೂತಿರದಿದ್ದರೂ ಮೋಡೆಮ್ಮಿನ ಹಸಿರು ದೀಪ ಮಾತ್ರ ಬಿಡದೆ ಮಿಟುಕುತ್ತಿತ್ತು. ಒಳಗಿನ ಫ್ಯಾನು ಇದ್ದಕ್ಕಿದ್ದಂತೆ ಗೊರಗೊರ ಅನ್ನುತ್ತಿತ್ತು. ಅವರೆಕಾಳು ಹಿದುಕುತ್ತಾ ಕೂತ ವಸಂತಮ್ಮನಿಗೆ ಆ ಸದ್ದು ಕೇಳಿದರೆ ಯಾಕೋ ಮೈ ಜುಂ ಅನ್ನುತ್ತಿತ್ತು.

ಮಾಲಾ ಹಣೆ ಗಂಟು ಹಾಕಿದಳು. “ಅತ್ತೆ, ನೀವೇನಾದ್ರೂ ಒತ್ತಿದ್ರಾ?”

“ನಾನ್ಯಾಕಮ್ಮ ಒತ್ತಲಿ? ಹಾಡು ಹಾಕ್ಕೊಂತೀನಿ, ಮುಗೀತು.”

ಸುಳ್ಳು ಹೇಳಿದೆ ಅಂತ ಅವಳಿಗೆ ಅನ್ನಿಸಲೂ ಇಲ್ಲ. ದೀಪದ ಹೊತ್ತಲ್ಲಿ ಹೂಂ ಅನ್ನೋದು ಏನೋ ಒತ್ತಿದ ಲೆಕ್ಕಕ್ಕೆ ಬರ್ತದಾ? ಮಾಲಾ ವೈರಸ್ ತೆಗೆಯೋ ಸಿ.ಡಿ. ಹಾಕಿ, ಅರ್ಧ ದಿನ ಕೂತು ಎಲ್ಲ ತೊಳೆದು ಬಳಿದಂತೆ ಸರಿಮಾಡಿದಳು. ಸಂಜೆ ಮತ್ತೆ ಹಾಡು, ಮತ್ತೆ ಪೆಟ್ಟಿಗೆ, ಮತ್ತೆ ಹೂಂ.

ಮನೆಯ ಮಾನ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಆಂಜಿನಪ್ಪನ ದಾಯಾದಿ ಅಣ್ಣ ಲಕ್ಷ್ಮಣಪ್ಪ ಊಟಕ್ಕೆ ಬಂದಿದ್ದ. ಊರಲ್ಲಿ ನ್ಯಾಯ ಪಂಚಾಯ್ತಿ ಹೇಳೋ ಮನುಷ್ಯ, ಮೀಸೆ ಮೇಲೆ ನಿಂಬೆಹಣ್ಣು ನಿಲ್ಲಿಸೋ ಗತ್ತು. ಮೊಮ್ಮಗಳ ನಾಮಕರಣದ ಫೋಟೋ ಇರೋ ಸಿ.ಡಿ. ತಂದಿದ್ದ. ಉಂಡ ಕೈ ಒರೆಸಿಕೊಂಡು ಎಲ್ಲರೂ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡರು. ಮಾಲಾ ಸಿ.ಡಿ. ಹಾಕಿದಳು. ಮಗುವಿನ ಫೋಟೋ ಬರೋದಕ್ಕೆ ಮುಂಚೆ, ಯಾರೂ ಕರೆಯದೆ ಇನ್ನೊಂದು ಪೇಜು ತೆರೆದುಕೊಂಡಿತು. ಮೈಮೇಲೆ ನೂಲಿಲ್ಲದ ಹೆಂಗಸು. ಮಾಲಾ ಗಾಬರಿಯಿಂದ ಅದನ್ನು ಮುಚ್ಚಿದಳು. ಎರಡು ಬಂದವು. ಅವನ್ನು ಮುಚ್ಚಿದಳು. ಪರದೆ ತುಂಬ ಬಂದವು. ಕೊನೆಗೆ ಗೋಡೆಯಿಂದ ಪ್ಲಗ್ಗನ್ನೇ ಕಿತ್ತಳು.

“ವೈರಸ್ ಮಾವ” ಅಂದಳು ಮಾಲಾ.

ಲಕ್ಷ್ಮಣಪ್ಪ ಎದ್ದು ಟವಲ್ಲು ಕೊಡವಿಕೊಂಡ. “ವೈರಸ್ ಬಂದ್ರೆ ಜ್ವರ ಬರ್ತದೆ ಕಣಮ್ಮ. ಬೆತ್ತಲೆ ಹೆಂಗಸ್ರು ಬರಾಕಿಲ್ಲ.”

“ಈ ಮನೇಲಿ ಅದರ ಮುಂದೆ ಕೂರೋರು ಯಾರು?” ಅಂದ ಆಂಜಿನಪ್ಪ. ಯಾರ ಮುಖವನ್ನೂ ನೋಡದೆ ಅಂದ. ಉತ್ತರ ಬೇಕಾಗಿರಲಿಲ್ಲ.

ಅವತ್ತಿಂದ ಮನೆಯ ಗಾಳಿಯೇ ಕೆಟ್ಟಿತು. ಶಿವಶಂಕರ ಹೆಂಡತಿ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ. “ಹಗಲೆಲ್ಲ ಏನು ನೋಡ್ತೀಯ ಅದರಲ್ಲಿ?” ಅಂತ ಕೇಳಿದ. “ಲೆಕ್ಕ ರೀ, ಲೆಕ್ಕ! ಬೇಕಾದ್ರೆ ಪಕ್ಕದಲ್ಲೇ ಕೂತು ನೋಡಿ” ಅಂದಳು ಅವಳು. ಗಾಡಿ ಬಿಟ್ಟು ಅವನೆಲ್ಲಿ ಕೂರುತ್ತಾನೆ! ಆಂಜಿನಪ್ಪ ಸೊಸೆ ಎದುರಾದರೆ ಗಂಟಲು ಸರಿಮಾಡಿಕೊಂಡು ಆಚೆ ಹೋಗುತ್ತಿದ್ದ. ವಸಂತಮ್ಮ ಒಬ್ಬಳೇ, “ಹೋಗ್ಲಿ ಬಿಡ್ರೋ, ಅದೇನೋ ಮಿಶಿನ್ನಿನ ಐಬು” ಅನ್ನುತ್ತಿದ್ದಳು. ಸಂಜೆಯ ಹಾಡು ನಿಂತಿತು.

ಅಲ್ಲಿಗೇ ಮುಗಿದಿದ್ದರೆ ಊರ ಬಾಯಿಗೆ ಬೀಳುತ್ತಿರಲಿಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಲಕ್ಷ್ಮಣಪ್ಪನ ಮಗ ಲೋಕೇಶ ಅತ್ತಿಬೆಲೆಯ ಫ್ಯಾಕ್ಟರಿಯಿಂದ ಒಂದು ಹಾಳೆ ಪ್ರಿಂಟು ತೆಗೆದುಕೊಂಡು ಬಂದ. ಮಾಲಾಳ ಹೆಸರಿಂದ ಅವನಿಗೆ ಮೇಲ್ ಬಂದಿತ್ತು. ‘ನನ್ನ ಫೋಟೋ ನೋಡು, ನಿನಗೊಬ್ಬನಿಗೇ’ ಅಂತ ಇಂಗ್ಲಿಷಿನಲ್ಲಿ, ಕೆಳಗೆ ಒತ್ತೋಕೆ ಒಂದು ನೀಲಿ ಗೆರೆ. ಅವನೊಬ್ಬನಿಗೇ ಏನು, ಅವಳ ಪರಿಚಯದ ಪ್ರತಿಯೊಬ್ಬರಿಗೂ ಹೋಗಿತ್ತು. ಪೀಣ್ಯದ ಕಾರ್ಖಾನೆ ಯಜಮಾನನಿಗೂ ಹೋಗಿತ್ತು. ಆತ ಫೋನು ಮಾಡಿ, “ನಾಳೆಯಿಂದ ಲೆಕ್ಕ ಕಳಿಸೋದು ಬೇಡಮ್ಮ” ಅಂದುಬಿಟ್ಟ. ಶಿವಶಂಕರನ ಗಾಡಿ ಗುತ್ತಿಗೆ ನೋಡುವ ಮ್ಯಾನೇಜರಿಗೂ ಹೋಗಿತ್ತು.

ಬೆಳಿಗ್ಗೆ ವಸಂತಮ್ಮ ಅಕ್ಕಿ ರೊಟ್ಟಿ ತಟ್ಟುತ್ತಿದ್ದಾಗ ಜಗಳ ಹೊತ್ತಿಕೊಂಡಿತು.

“ಮ್ಯಾನೇಜರು ನನ್ನ ನೋಡಿ ನಗ್ತಾನೆ! ‘ಏನ್ ಗುರು, ನಿಮ್ಮ ಮಿಸೆಸ್ ಮೇಲ್ ಹಾಕಿದ್ರು’ ಅಂತಾನೆ. ಎಲ್ಲಿ ಮುಖ ಇಟ್ಕೊಳ್ಲಿ ನಾನು?” ಶಿವಶಂಕರ ತಟ್ಟೆಯನ್ನು ಗೋಡೆಗೆ ಎಸೆದ. ಚಟ್ನಿ ಕ್ಯಾಲೆಂಡರಿನ ಮೇಲೆ ಹಾರಿತು.

“ನಾನು ಕಳಿಸಿಲ್ಲ ರೀ! ಅದೇ ಕಳಿಸ್ತದೆ. ಒಳಗೆ ಸೇರ್ಕೊಂಡು ನನ್ನ ಹೆಸರು ಹಾಕ್ಕೊಂಡು ಕಳಿಸ್ತದೆ.”

“ದೆವ್ವಾನಾ ಅದು, ಒಳಗೆ ಸೇರ್ಕೊಳ್ಳೋಕೆ?” ಅಂದ ಆಂಜಿನಪ್ಪ ಹೊಸ್ತಿಲಲ್ಲಿ ನಿಂತು.

“ಕೇಳದೆ ಬರಲ್ಲ ಮಾವ ಅದು. ಯಾರೋ ಹೂಂ ಅಂದಿದ್ದಾರೆ. ಹೂಂ ಅಂದಿದ್ದಕ್ಕೇ ಬಂದಿದೆ.”

ಮಾಲಾ ತಿರುಗಿ ಒಂದು ಸಲ ಅತ್ತೆಯ ಮುಖ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬರೀ ಕಾಯುತ್ತಿದ್ದಳು. ವಸಂತಮ್ಮ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡಳು. ಬಾಯಿ ಬಿಡಲಿಲ್ಲ.

“ನಡಿ, ಬಟ್ಟೆ ತುಂಬ್ಕೋ” ಅಂದ ಶಿವಶಂಕರ.

ಮಾಲಾ ಚಿಕ್ಕಬಾಣಾವರಕ್ಕೆ ಹೋದಳು. ಕಂಪ್ಯೂಟರು ಇಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಮನೆಯ ಕೆಲಸವೆಲ್ಲ ವಸಂತಮ್ಮನ ಸೊಂಟಕ್ಕೆ ಬಿತ್ತು. ನೀರಿನ ಟ್ಯಾಂಕರು ಬಂದರೆ ಅವಳೇ ಓಡಬೇಕು, ಮಹಡಿ ಬಟ್ಟೆ ಅವಳೇ ತರಬೇಕು. ಅದು ದೊಡ್ಡದಲ್ಲ. ದೊಡ್ಡದು ಒಳಗೆ ಕೊರೆಯುತ್ತಿದ್ದದ್ದು. ನಾನು ಹೂಂ ಅಂದದ್ದು ದೇವರ ಹಾಡಿಗೆ, ಲಕ್ಷ್ಮಿಗೆ. ಅದಕ್ಕೂ ಈ ಹೊಲಸಿಗೂ ಏನು ಸಂಬಂಧ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಉಪ್ಪಿಲ್ಲದ ಸಾರಿನಂತಿತ್ತು, ಇಳಿಯುತ್ತಿರಲಿಲ್ಲ.

ಒಂದು ಸಂಜೆ ತಡೆಯಲಾರದೆ ಪ್ಲಗ್ಗು ಸಿಕ್ಕಿಸಿದಳು. ದೀಪ ಹಚ್ಚಿ ಹಾಡು ಹಾಕಿದಳು. ಪೆಟ್ಟಿಗೆ ಬಂತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು. ಆಮೇಲೆ, ಗೊತ್ತಾಗಿಯೇಬಿಡಲಿ ಅಂತ, ಎಸ್ ಒತ್ತಿದಳು. ಹಾಡು ಎರಡು ಸಾಲು ಬಂದಿರಬೇಕು, ಪರದೆಯ ತುಂಬ ಅವೇ ಹೆಂಗಸರು ತೆರೆದುಕೊಂಡರು. ಪಕ್ಕದಲ್ಲಿ ದೇವರು. ಮನೆಯಲ್ಲಿ ಮಾಲಾ ಇಲ್ಲ. ಗಂಡಸರೂ ಇಲ್ಲ. ಇದ್ದವಳು ತಾನೊಬ್ಬಳೇ.

“ಅಯ್ಯೋ ನನ್ನ ಕೈ ಸೇದೋಗ!” ಅಂತ ವಸಂತಮ್ಮ ತನ್ನ ಕೈಯನ್ನೇ ಬೈದುಕೊಂಡು ಅತ್ತಳು.

ಹೊಸಕೋಟೆಯ ತಂಗಿ ಮನೆಗೆ ಹೋಗಿ ಬರ್ತೀನಿ ಅಂತ ಗಂಡನಿಗೆ ಹೇಳಿ, ಚೀಲದಲ್ಲಿ ಅವರೆಕಾಯಿ ತುಂಬಿಕೊಂಡು ಮೆಜೆಸ್ಟಿಕ್ಕಿನ ಬಸ್ಸು ಹತ್ತಿದಳು. ಅಲ್ಲಿಂದ ಚಿಕ್ಕಬಾಣಾವರ. ಮಾಲಾಳ ತಾಯಿ ನಾಗಲಕ್ಷ್ಮಮ್ಮ ಬಾಗಿಲಲ್ಲಿ ಬೀಗಿತ್ತಿಯನ್ನು ಕಂಡು ಮುಖ ಗಂಟು ಹಾಕಿದರೂ ಒಳಗೆ ಕರೆದು, ಕಾಫಿ ಕೊಟ್ಟು, ತಾನು ಅಡುಗೆಮನೆಗೆ ಸರಿದಳು. ಮಾಲಾ ಸೊರಗಿದ್ದಳು.

“ನಾನೇ ಕಣಮ್ಮ” ಅಂದಳು ವಸಂತಮ್ಮ. “ನಾನೇ ಎಸ್ ಒತ್ತಿದ್ದು. ದೀಪದ ಹೊತ್ತಲ್ಲಿ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

“ನಂಗೆ ಗೊತ್ತಿತ್ತು ಅತ್ತೆ.”

“ಗೊತ್ತಿತ್ತಾ?”

“ಯಾವ ಹೊತ್ತಲ್ಲಿ ಏನು ತೆರೆದಿದ್ದಾರೆ ಅಂತ ಕಂಪ್ಯೂಟರು ಬರೆದಿಟ್ಟಿರ್ತದೆ. ಎಲ್ಲಾ ಸಂಜೆ. ನಾನು ಮಹಡಿ ಮೇಲಿರೋ ಹೊತ್ತು.”

“ಮತ್ತೆ ಹೇಳ್ಬಾರ್ದಿತ್ತೇನೇ ತಾಯಿ?”

“ಹೇಳಿದ್ರೆ ಏನಂತಿದ್ರು? ಸೊಸೆ ತನ್ನ ಹೊಲಸನ್ನ ಅತ್ತೆ ತಲೆಗೆ ಕಟ್ತಾಳೆ ಅಂತಿದ್ರು. ನೀವೇ ಹೇಳ್ತೀರ ಅಂತ ಕಾದೆ ಅತ್ತೆ. ರೊಟ್ಟಿ ಬೇಯಿಸ್ತಾ ನಿಂತಿದ್ರಲ್ಲ ಅವತ್ತು, ಆಗ್ಲೂ ಕಾದೆ.”

ವಸಂತಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ತಪ್ಪಾಯ್ತು ಕಣೇ. ಬಾ, ಮನೆಗೆ ಹೋಗಾಣ. ಮಿಶಿನ್ನು ಕೆಟ್ಟಿತ್ತಂತೆ ಅಂತ ಇವ್ರಿಗೆ ಹೇಳ್ತೀನಿ.”

“ಮಿಶಿನ್ನು ಕೆಟ್ಟಿತ್ತು ಅಂತ ನಾನೂ ಹೇಳಿದ್ದೆ” ಅಂದಳು ಮಾಲಾ. “ಈಗ ಗುಟ್ಟಾಗಿ ಬಂದ್ರೆ, ಕ್ಷಮಿಸಿ ಕರ್ಕೊಂಡು ಬಂದ್ರು ಅಂತಾರೆ. ನಾನೇನು ತಪ್ಪು ಮಾಡಿದೀನಿ ಅಂತ ಕ್ಷಮಿಸ್ತಾರೆ? ನನ್ನ ಮಾನ ಹೋಗಿದ್ದು ನಿಮ್ಮ ನಡುಮನೇಲಿ, ಅವರೆಲ್ಲರ ಎದುರಿಗೆ. ಅಲ್ಲಿ ಹೇಳಿ ಅತ್ತೆ. ನಂಗೆ ಹೇಳಿ ಏನು ಪ್ರಯೋಜನ?”

ಬಸ್ಸಿನಲ್ಲಿ ವಸಂತಮ್ಮ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದಳು. ಗಂಡನ ಕೋಪ ಅವಳಿಗೆ ಗೊತ್ತು. ಲಕ್ಷ್ಮಣಪ್ಪನ ನಾಲಿಗೆಯೂ ಗೊತ್ತು. ನಾಳೆ ಅರಳಿಕಟ್ಟೆಯಲ್ಲಿ, ಮುದಿಗೂಬೆ ಬೆತ್ತಲೆ ಪಟ ನೋಡ್ತಿದ್ಲಂತೆ ಅಂತ ಆಡಿಕೊಳ್ಳದೆ ಬಿಡುವವನಲ್ಲ. ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಭಾನುವಾರ ಲಕ್ಷ್ಮಣಪ್ಪನನ್ನು ಕರೆಸಿ, ವಕೀಲರನ್ನು ನೋಡೋ ಮಾತು ಮುಗಿಸಿಬಿಡೋಣ ಅಂತ ಅಪ್ಪ ಮಗ ತೀರ್ಮಾನ ಮಾಡಿದ್ದರು.

“ಸರಿ, ಕರೀರಿ” ಅಂದಳು ವಸಂತಮ್ಮ. “ಲೋಕೇಶನೂ ಬರ್ಲಿ. ಹಿದಕವರೆ ಸಾರು ಮಾಡ್ತೀನಿ.”

ಭಾನುವಾರ ಎಲ್ಲರೂ ಉಂಡರು. ಸಾರು ಚೆನ್ನಾಗಿದೆ ಅಂತ ಲಕ್ಷ್ಮಣಪ್ಪ ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು ಎಲೆಯಡಿಕೆ ತಟ್ಟೆ ಮುಂದೆಳೆದುಕೊಂಡು, “ಇಂಗೆ ಬಿಟ್ರೆ ಆಗಾಕಿಲ್ಲ ಆಂಜಿನಪ್ಪ. ಬೇಗ ಸಂಬಂಧ ಕಡಿದುಕೊಳ್ಳೋದು ವಾಸಿ” ಅಂತ ಶುರುಮಾಡಿದ.

“ತಡೀರಿ ಭಾವ” ಅಂದಳು ವಸಂತಮ್ಮ. “ಆ ಹೊಲಸನ್ನ ಮನೆಗೆ ಕರೆದೋಳು ಮಾಲಾ ಅಲ್ಲ. ನಾನು.”

ಆಂಜಿನಪ್ಪ ಸುಣ್ಣ ಹಚ್ಚುತ್ತಿದ್ದ ಎಲೆ ಹಾಗೇ ಹಿಡಿದ. “ಏನು ಒದರ್ತಿದ್ದೀಯೇ?”

“ಸಂಜೆ ಹಾಡು ಹಾಕ್ವಾಗ ಅದು ಕೇಳ್ತಿತ್ತು. ದಿನಾ ನಾನೇ ಹೂಂ ಅಂದೆ.”

ಲಕ್ಷ್ಮಣಪ್ಪ ನಕ್ಕ. “ಹೊಸಕೋಟೆಗೆ ಹೋಗಿದ್ದೆ ಅಂದ್ರಲ್ಲಮ್ಮ. ಚಿಕ್ಕಬಾಣಾವರಕ್ಕೇ ಹೋಗಿರ್ಬೇಕು, ಸೊಸೆ ಚೆನ್ನಾಗಿ ಪಾಠ ಹೇಳಿ ಕಳಿಸವ್ಳೆ.”

“ಅಮ್ಮಾ, ಸುಮ್ನಿರು” ಅಂದ ಶಿವಶಂಕರ. ಅವನ ದನಿಯಲ್ಲಿ ಕನಿಕರವಿತ್ತು, ಅದೇ ಅವಳಿಗೆ ಚುಚ್ಚಿತು. “ಅವಳನ್ನ ಉಳಿಸೋಕೆ ಯಾಕೆ ಸುಳ್ಳು ಹೇಳ್ತೀಯ? ನಿಂಗೆ ಇದನ್ನ ಮುಟ್ಟೋಕಾದ್ರೂ ಬರ್ತದಾ?”

ಅಲ್ಲಪ್ಪ, ಇಷ್ಟು ದಿನ ನಿಜ ಹೇಳೋಕೆ ಹೆದರಿದಳು. ಈಗ ಹೇಳಿದರೆ ನಂಬೋರಿಲ್ಲ! ಸೊಸೆಯ ಮೇಲಿನ ಸುಳ್ಳನ್ನು ನಂಬುತ್ತಾರೆ, ಅತ್ತೆಯ ನಿಜವನ್ನು ನಂಬಲ್ಲ. ವಸಂತಮ್ಮನಿಗೆ ಎಲ್ಲಿತ್ತೋ ರೋಷ ಉಕ್ಕಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಪ್ಲಗ್ಗು ಸಿಕ್ಕಿಸಿದಳು, ಗುಂಡಿ ಒತ್ತಿದಳು, ಕುರ್ಚಿ ಎಳೆದು ಕೂತಳು. ಮಿಶಿನ್ನು ಗೊರಗೊರ ಅನ್ನುತ್ತ ಎದ್ದಿತು. ಮೌಸು ಹಿಡಿದ ಕೈ ದಾರಿ ತಪ್ಪಲಿಲ್ಲ. ಹಾಡಿನ ಪೇಜು ಬಂತು. ಪೆಟ್ಟಿಗೆ ಬಂತು.

“ನೋಡ್ರಪ್ಪ, ಎಲ್ರೂ ನೋಡಿ” ಅಂದಳು. “ಇದು ಎಸ್. ನಿಮ್ಮ ಕಣ್ಣೆದುರಿಗೇ ಒತ್ತುತಾ ಇದ್ದೀನಿ.”

ಒತ್ತಿದಳು. ಒಂದು ಬಂತು. ಎರಡು ಬಂದವು. ಪರದೆಯ ತುಂಬ ಬಂದವು. ಲೋಕೇಶ ತಲೆ ತಗ್ಗಿಸಿದ. ಲಕ್ಷ್ಮಣಪ್ಪ, “ಛೆ, ಛೆ” ಅಂತ ಗೋಡೆಯ ಕಡೆ ತಿರುಗಿದ.

“ಆರಿಸೇ ಅದನ್ನ!” ಕೂಗಿದ ಆಂಜಿನಪ್ಪ.

“ಆರ್ಸಲ್ಲ. ಅವತ್ತು ಆ ಹುಡುಗಿ ಮುಖ ನೋಡಿದ್ರಲ್ಲ, ಇವತ್ತು ನನ್ನ ಮುಖ ನೋಡಿ. ತಿರುಗ್ರಿ ಭಾವ! ನಿಮ್ಮ ತಮ್ಮನ ಹೆಂಡ್ತಿ ಎಂಥೋಳು ಅಂತ ಅರಳಿಕಟ್ಟೇಲಿ ಹೇಳ್ಬೇಕಲ್ಲ ನೀವು, ಸರಿಯಾಗಿ ನೋಡ್ಕೊಳ್ಳಿ. ನನ್ನೂ ತವರಿಗೆ ಅಟ್ಟಿ. ವಕೀಲರನ್ನ ನನಗೂ ಒಬ್ಬರನ್ನ ಇಡಿ.”

ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಶಿವಶಂಕರ ನಿಧಾನವಾಗಿ ಬಂದು ಅಮ್ಮನ ಭುಜದ ಮೇಲಿಂದ ಬಾಗಿ ಪ್ಲಗ್ಗು ತೆಗೆದ. ಪರದೆ ಕಪ್ಪಾಯಿತು. ಅವನು ಮೊಳೆಗೆ ತೂಗುಹಾಕಿದ್ದ ಗಾಡಿಯ ಕೀ ತೆಗೆದುಕೊಂಡ.

“ಚಿಕ್ಕಬಾಣಾವರಕ್ಕೆ ಒಬ್ನೇ ಹೋಗ್ಬೇಡ” ಅಂದಳು ವಸಂತಮ್ಮ. “ನಿಮ್ಮಪ್ಪ ಬರ್ಲಿ. ನಿಮ್ಮ ದೊಡ್ಡಪ್ಪನೂ ಬರ್ಲಿ, ಲೋಕೇಶನೂ ಬರ್ಲಿ. ಯಾರ್ಯಾರು ಅವತ್ತು ಇದ್ರೋ, ಯಾರ್ಯಾರು ಆಡ್ಕೊಂಡ್ರೋ, ಎಲ್ರೂ ಬರ್ಬೇಕು.”

ಆಂಜಿನಪ್ಪ ಹೆಂಡತಿಯನ್ನು ನೋಡಿದ. ಮೊಳೆಯ ಮೇಲಿದ್ದ ಅಂಗಿ ತೆಗೆದುಕೊಂಡು ತೊಡತೊಡಗಿದ.

“ಅಷ್ಟಾದ್ರೂ ಅವಳು ಬರಲ್ಲ ಅಂದ್ರೆ?” ಶಿವಶಂಕರ ಬಾಗಿಲಲ್ಲಿ ನಿಂತು ಕೇಳಿದ. ದೊಡ್ಡ ಗಂಡಸು, ಮಗುವಿನ ಹಾಗೆ ಕೇಳಿದ.

“ಬರಲ್ಲ ಅಂದ್ರೆ ಬರಲ್ಲ ಕಣೋ. ನೀನು ಹೇಳಿದಂಗೆಲ್ಲ ಹೂಂ ಅನ್ನೋಕೆ ಅವಳಿಗೇನು ಸಾಲ ಇದ್ಯಾ? ನಡಿ, ಗಾಡಿ ತೆಗಿ.”